ವೆಂಚುರಿಯೋ ಟ್ಯಾಂಕೋ ಎನ್ನುವುದಕ್ಕೆ ಮೊದಲು ನಿಮ್ಮ ಬೋರ್‌ವೆಲ್ ನೀರನ್ನು ನೋಡಿ

ಎರಡು ಎಕರೆ ಟೊಮೆಟೊಗೆ ಡ್ರಿಪ್ ಮೂಲಕ ಗೊಬ್ಬರ ಕೊಡಲು ವೆಂಚುರಿ (ನೀರು ಹರಿಯುವ ಒತ್ತಡದಿಂದಲೇ ಗೊಬ್ಬರದ ದ್ರಾವಣವನ್ನು ಪೈಪಿನೊಳಗೆ ಹೀರುವ ಸಾಧನ) ಕೊಳ್ಳಬೇಕೋ, ನೀರು ಒಳಗೆ ಹಾದು ಗೊಬ್ಬರವನ್ನು ಹೊತ್ತೊಯ್ಯುವ ಟ್ಯಾಂಕ್ ಕೊಳ್ಳಬೇಕೋ ಎಂದು ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆದವನು. ಕೊನೆಗೆ ವೆಂಚುರಿ ತಂದೆ. ಅದು ಇಂದಿಗೂ ಚೆನ್ನಾಗಿಯೇ ಇದೆ. ಬೆಳೆ ಕೆಟ್ಟದ್ದು ಅದರಿಂದಲ್ಲ.

ನಮ್ಮದು ಕೋಲಾರ ಜಿಲ್ಲೆ. ಸಾವಿರ ಅಡಿಗೂ ಆಳದಿಂದ ಎತ್ತುವ ನೀರು, ಸ್ನಾನದ ಹಂಡೆಯ ಒಳಮೈಯಲ್ಲಿ ಬಿಳಿ ಪೊರೆ ಕಟ್ಟುವಷ್ಟು ಗಡಸು. ತ್ರೀಫೇಸ್ ಕರೆಂಟ್ ಇರುವ ಕೆಲವೇ ಗಂಟೆಗಳಲ್ಲಿ ಎಲ್ಲವೂ ಮುಗಿಯಬೇಕಾದ್ದರಿಂದ, ಹೂ ಬಿಡುವ ಹಂತದಲ್ಲಿ ಕ್ಯಾಲ್ಸಿಯಂ ನೈಟ್ರೇಟನ್ನೂ ರಂಜಕ ಹೆಚ್ಚಿರುವ 12:61:0 ಗೊಬ್ಬರವನ್ನೂ ಒಂದೇ ಡ್ರಮ್ಮಿನಲ್ಲಿ ಕಲಸಿದೆ. ದ್ರಾವಣ ತೆಳು ಮಜ್ಜಿಗೆಯಂತೆ ಬೆಳ್ಳಗಾಯಿತು. ಇನ್ನೂ ಕರಗಿಲ್ಲವೆಂದುಕೊಂಡು ಕೋಲಿನಿಂದ ಮತ್ತಷ್ಟು ಕದಡಿ, ಹಾಗೆಯೇ ಬಿಟ್ಟೆ. ಅದು ಕರಗದೆ ಉಳಿದ ಗೊಬ್ಬರವಾಗಿರಲಿಲ್ಲ. ಎರಡೂ ಕರಗಿದ ಮೇಲೆ ಒಂದಕ್ಕೊಂದು ಕೂಡಿ ಹುಟ್ಟಿದ ಹೊಸ ವಸ್ತು. ಕ್ಯಾಲ್ಸಿಯಂ ರಂಜಕದೊಡನೆ ಸೇರಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಆಗುತ್ತದೆ, ಸಲ್ಫೇಟಿನೊಡನೆ ಸೇರಿದರೆ ಜಿಪ್ಸಂ ಆಗುತ್ತದೆ. ಇವೆರಡೂ ನೀರಿನಲ್ಲಿ ಕರಗುವುದು ತೀರ ಕಡಿಮೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮೊದಲೇ ಇರುತ್ತದೆಯಾದ್ದರಿಂದ ರಂಜಕವೊಂದನ್ನೇ ಹಾಕಿದರೂ ಅಪಾಯ ತಪ್ಪದು. ಫಿಲ್ಟರ್ ಇರಲಿಲ್ಲವೇ ಎಂದರೆ, ತೆಳು ಬಿಲ್ಲೆಗಳನ್ನು ಜೋಡಿಸಿದ ಡಿಸ್ಕ್ ಫಿಲ್ಟರ್ ಇತ್ತು. ಆದರೆ ಆ ಕಣಗಳು ಡಿಸ್ಕ್‌ಗಳ ಸಂದಿನಲ್ಲಿ ನುಸುಳುವಷ್ಟು ಸಣ್ಣವು; ಅದಲ್ಲದೆ ಈ ಕ್ರಿಯೆ ಫಿಲ್ಟರ್ ದಾಟಿದ ಮೇಲೂ ಪೈಪಿನೊಳಗೆ ನಡೆಯುತ್ತಲೇ ಇರುತ್ತದೆ. ಕೊನೆಯಲ್ಲಿ ಬರಿ ನೀರು ಹರಿಸುವ ಮೊದಲೇ ಕರೆಂಟ್ ಹೋದದ್ದರಿಂದ ಎಲ್ಲವೂ ನೀರು ತೊಟ್ಟಿಕ್ಕುವ ಡ್ರಿಪ್ಪರುಗಳಲ್ಲೇ ಒಣಗಿತು.

ಸಾಲುಗಳ ತುದಿಯ ಗಿಡಗಳು ಸೊರಗಿದಾಗ ರೋಗವೆಂದು ಔಷಧಿ ಹೊಡೆದೆ. ಕಾಯಿಯ ತುದಿ ಕಪ್ಪಾಗಿ ಕೊಳೆಯತೊಡಗಿದಾಗ ಕ್ಯಾಲ್ಸಿಯಂ ಸಾಲದೆಂದು ಅದೇ ಪೈಪಿಗೆ ಇನ್ನಷ್ಟು ಕ್ಯಾಲ್ಸಿಯಂ ನೈಟ್ರೇಟ್ ಬಿಟ್ಟೆ! ಕ್ಯಾಲ್ಸಿಯಂ ಕಾಯಿಯನ್ನು ತಲುಪುವುದು ಗಿಡ ಹೀರುವ ನೀರಿನೊಡನೆ. ನೀರೇ ಸಮನಾಗಿ ಸಿಗದ ಗಿಡಕ್ಕೆ ಅದು ಮಣ್ಣಿನಲ್ಲಿ ಎಷ್ಟಿದ್ದರೇನು? ಕಡೆಗೊಮ್ಮೆ ಡ್ರಿಪ್ಪರನ್ನು ಬ್ಲೇಡಿನಿಂದ ಸೀಳಿ ನೋಡಿದರೆ, ಒಳಗಿನ ಅಂಕುಡೊಂಕು ದಾರಿಯುದ್ದಕ್ಕೂ ಬಿಳಿ ಗಾರೆ. ಉಗುರಿನಿಂದ ಕೆರೆದರೆ ಮಾತ್ರ ಪುಡಿಯಾಗಿ ಉದುರುತ್ತಿತ್ತು. ಮಂಡಿಯಲ್ಲಿ 15 ಕೆ.ಜಿ. ಬಾಕ್ಸಿಗೆ ಒಳ್ಳೆಯ ದರವಿದ್ದ ಹಂಗಾಮಿನಲ್ಲಿ ನನ್ನ ಕಾಯಿಯ ಬಹುಪಾಲು ಬದುವಿನ ಮೇಲೆ ರಾಶಿ ಬಿತ್ತು.

ಆದ್ದರಿಂದ ಮೊದಲು ನೀರನ್ನು ಪರೀಕ್ಷೆಗೆ ಕಳುಹಿಸಿ. ಗಡಸುತನ, ಪಿಎಚ್, ಬೈಕಾರ್ಬೊನೇಟ್, ಕಬ್ಬಿಣ ಇವಿಷ್ಟನ್ನು ಕೇಳಿ ಬರೆಸಿಕೊಳ್ಳಿ. ಯಾವ ಗೊಬ್ಬರವನ್ನಾದರೂ ನಿಮ್ಮ ಬೋರ್‌ವೆಲ್ ನೀರಿನಲ್ಲೇ, ಡ್ರಮ್ಮಿನಲ್ಲಿ ಬೆರೆಸುವ ಅನುಪಾತದಲ್ಲೇ, ಗಾಜಿನ ಬಾಟಲಿಯಲ್ಲಿ ಕಲಸಿ ಒಂದೆರಡು ಗಂಟೆ ಇಡಿ. ಕದಡಿ ಬೆಳ್ಳಗಾದರೆ ಪೈಪಿಗೆ ಬಿಡಬೇಡಿ. ಗಂಟೆಗೆ ಎರಡು ಲೀಟರಿನ ಡ್ರಿಪ್ಪರ್ ಆದರೆ ನಿಮಿಷಕ್ಕೆ ಸುಮಾರು 33 ಮಿ.ಲೀ. ನೀರು ಬೀಳಬೇಕು; ಸಾಲಿನ ಮೊದಲಲ್ಲೂ ಕೊನೆಯಲ್ಲೂ ಲೋಟ ಹಿಡಿದು ಅಳೆದರೆ ಗಿಡ ಬಾಡುವ ಮುನ್ನವೇ ಗೊತ್ತಾಗುತ್ತದೆ. ಕಟ್ಟಿದ ಸುಣ್ಣವನ್ನು ಆಮ್ಲದಿಂದ ಬಿಡಿಸಬಹುದು. ಆದರೆ ಆಮ್ಲವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ. ಬ್ಲೀಚಿಂಗ್ ಪೌಡರಿನೊಡನೆ ಎಂದೂ ಬೆರೆಸಬಾರದು, ವಿಷಾನಿಲ ಏಳುತ್ತದೆ.

ನಿಮ್ಮ ಪ್ರಶ್ನೆಗೆ ಉತ್ತರ ವೆಂಚುರಿ. ಟ್ಯಾಂಕಿನಲ್ಲಿ ದ್ರಾವಣ ಮೊದಲು ಗಾಢವಾಗಿದ್ದು ಬರಬರುತ್ತ ತೆಳುವಾಗುತ್ತದೆ. ವೆಂಚುರಿ ಸಮನಾಗಿ ಹೀರುತ್ತದೆ, ಆದರೆ ಪಂಪಿನ ಒತ್ತಡ ಸಾಲದಿದ್ದರೆ ಹೀರುವುದೇ ಇಲ್ಲ. ದುಬಾರಿ ರಂಜಕದ ಗೊಬ್ಬರವನ್ನು ಡ್ರಿಪ್‌ನಲ್ಲಿ ಬಿಡುವ ಆಸೆಯನ್ನು ಮಾತ್ರ ಬಿಡಿ. ನಾಟಿಗೆ ಮುನ್ನವೇ ಸೂಪರ್ ಫಾಸ್ಫೇಟನ್ನು ಮಣ್ಣಿಗೆ ಸೇರಿಸಿ, ಪೈಪಿನಲ್ಲಿ ಯೂರಿಯಾ ಮತ್ತು ಬಿಳಿ ಪೊಟ್ಯಾಷ್ ಕಳುಹಿಸಿ, ಕ್ಯಾಲ್ಸಿಯಂ ನೈಟ್ರೇಟಿಗೆ ಬೇರೆಯೇ ದಿನ ಇಟ್ಟುಕೊಳ್ಳಿ.