ಓದುಗರ ಪ್ರಶ್ನೆ: ಮನೆಯಲ್ಲೇ ಕಟ್ಟಿದ ಹೆಡ್‌ಫೋನ್ ಆಂಪ್ಲಿಫೈಯರ್

ಈ ಸಲದ ಪ್ರಶ್ನೆಗಳೆಲ್ಲ ಒಂದೇ ಸರ್ಕೀಟಿನ ಸುತ್ತ ಬಂದಿವೆ. ಚು ಮೋಯ್ ರೂಪಿಸಿದ, ಹವ್ಯಾಸಿಗಳು ‘ಸಿಮೋಯ್’ ಎಂದು ಕರೆಯುವ ವಿನ್ಯಾಸ ಅದು. ಅದರಲ್ಲಿರುವುದು 9 ವೋಲ್ಟ್ ಬ್ಯಾಟರಿ, ಎಂಟು ಕಾಲಿನ ಡ್ಯುಯಲ್ ಆಪ್-ಆಂಪ್ ಐಸಿ (ಎರಡು ಆಂಪ್ಲಿಫೈಯರ್‌ಗಳಿರುವ ಚಿಪ್) ಒಂದು, ಬ್ಯಾಟರಿಯನ್ನು ಎರಡಾಗಿ ಒಡೆದು ನಡುಬಿಂದುವನ್ನು ಗ್ರೌಂಡ್ ಮಾಡಿಕೊಳ್ಳಲು ಎರಡು 4.7 ಕಿಲೋ ಓಮ್ ರೆಸಿಸ್ಟರ್, ಎರಡು 220 ಮೈಕ್ರೋಫ್ಯಾರಡ್ ಕೆಪಾಸಿಟರ್. ಇನ್‌ಪುಟ್‌ನಲ್ಲಿ 0.1 ಮೈಕ್ರೋಫ್ಯಾರಡ್ ಮತ್ತು 100 ಕಿಲೋ ಓಮ್. ಫೀಡ್‌ಬ್ಯಾಕ್‌ನಲ್ಲಿ 10 ಕಿಲೋ ಮತ್ತು 1 ಕಿಲೋ ಓಮ್. ಅಂದರೆ ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬ ಲೆಕ್ಕ) 11.

ಪ್ರಶ್ನೆ: ಬೆಸುಗೆ ಕೆಲಸ ಮುಗಿಯಿತು. ನೇರವಾಗಿ ಹೆಡ್‌ಫೋನ್ ಸಿಕ್ಕಿಸಿ ಕೇಳಬಹುದೇ?

ಉತ್ತರ: ದಯವಿಟ್ಟು ಬೇಡ. ಈ ಸರ್ಕೀಟಿನ ಔಟ್‌ಪುಟ್‌ನಲ್ಲಿ ಡಿಸಿ ತಡೆಯುವ ಕೆಪಾಸಿಟರ್ ಇಲ್ಲ. ಒಂದು ಬೆಸುಗೆ ತಪ್ಪಿದ್ದರೂ ಐಸಿ ಕೊಡಬಲ್ಲಷ್ಟು ಕರೆಂಟ್ ಸೀದಾ ಹೆಡ್‌ಫೋನಿನ ಕಾಯಿಲ್‌ಗೆ ಹೋಗುತ್ತದೆ. ಮಲ್ಟಿಮೀಟರ್ ಹಿಡಿದು ಹತ್ತು ನಿಮಿಷ ಕೂತರೆ ಈ ಭಯ ಇರುವುದಿಲ್ಲ.

ಮೊದಲು ಐಸಿಯನ್ನು ಸಾಕೆಟ್‌ನಿಂದ ತೆಗೆದಿಡಿ. ಬ್ಯಾಟರಿ ಹಾಕಿ, ಮೀಟರಿನ ಕಪ್ಪು ತುದಿಯನ್ನು ನಡು-ಗ್ರೌಂಡ್‌ಗೆ ಮುಟ್ಟಿಸಿ, ಕೆಂಪು ತುದಿಯಿಂದ ಸಾಕೆಟ್‌ನ 8ನೇ ಕಾಲು ನೋಡಿ: ಸುಮಾರು +4.5 ವೋಲ್ಟ್. 4ನೇ ಕಾಲಿನಲ್ಲಿ −4.5. ಪ್ಲಸ್–ಮೈನಸ್ ಚಿಹ್ನೆ ಬಿಟ್ಟು ನೋಡಿದಾಗ ಎರಡರ ನಡುವೆ 0.2 ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಒಂದು ರೆಸಿಸ್ಟರಿನ ಓಮ್ ಮೌಲ್ಯ ತಪ್ಪಿದೆ, ಇಲ್ಲವೇ ಒಂದು ಕೆಪಾಸಿಟರ್ ತಿರುಗುಮುರುಗಾಗಿ ಕೂತು ಸೋರುತ್ತಿದೆ. ಇನ್ನೊಂದು ಕಾರಣ ಎಲ್‌ಇಡಿ. ಅದನ್ನು ಪ್ಲಸ್ ಮತ್ತು ನಡು-ಗ್ರೌಂಡ್ ನಡುವೆ ಜೋಡಿಸಿದ್ದರೆ, ಅದು ಎಳೆಯುವ 1 ಮಿಲಿಆಂಪಿಯರ್ ಸಾಕು, ನಡುಬಿಂದು 2.3 ವೋಲ್ಟ್‌ನಷ್ಟು ಪಕ್ಕಕ್ಕೆ ಸರಿದುಬಿಡುತ್ತದೆ. ಎಲ್‌ಇಡಿ ಮತ್ತು ಅದರ ರೆಸಿಸ್ಟರ್ ಬ್ಯಾಟರಿಯ ಪ್ಲಸ್‌ನಿಂದ ಮೈನಸ್‌ಗೇ ಹೋಗಬೇಕು.

ಈಗ ಬ್ಯಾಟರಿ ಬಿಚ್ಚಿ, ಕಚ್ಚು ಇರುವ ತಲೆ ಯಾವ ಕಡೆಗಿದೆಯೆಂದು ಎರಡು ಸಲ ನೋಡಿ ಐಸಿ ಕೂರಿಸಿ. ಬ್ಯಾಟರಿಯ ಒಂದು ತಂತಿಯ ನಡುವೆ ಮೀಟರ್ ಹಾಕಿ ಕರೆಂಟ್ ಅಳೆಯಿರಿ. ನೀವು ಹಾಕಿದ ಐಸಿ ಒಪಿಎ2134 ಆಗಿದ್ದರೆ ಅದಕ್ಕೆ ಸುಮಾರು 8, ನಡು-ಗ್ರೌಂಡಿನ ರೆಸಿಸ್ಟರುಗಳಿಗೆ 1, ಎಲ್‌ಇಡಿಗೆ 1, ಒಟ್ಟು 10 ಮಿಲಿಆಂಪಿಯರ್ ಆಸುಪಾಸು. 30–40 ತೋರಿಸಿ ಐಸಿ ಬೆಚ್ಚಗಾಗುತ್ತಿದ್ದರೆ ಎಲ್ಲೋ ಶಾರ್ಟ್ ಇದೆ, ಅಥವಾ ಐಸಿ ಆಸಿಲೇಟ್ ಆಗುತ್ತಿದೆ (ಸಿಗ್ನಲ್ ಇಲ್ಲದೆಯೂ ತಾನಾಗಿ ಕಂಪಿಸುತ್ತಿದೆ). ಎರಡನೆಯದಕ್ಕೆ ಮದ್ದು 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್. ಅದನ್ನು 4 ಮತ್ತು 8ನೇ ಕಾಲುಗಳ ನಡುವೆ, ಸಾಕೆಟ್‌ನ ಹೊಟ್ಟೆಯ ಕೆಳಗೇ ಬೆಸೆಯಿರಿ. ಎರಡು ಇಂಚು ದೂರದಲ್ಲಿ ಹಾಕಿದರೆ ಹಾಕಿದ ಫಲ ಸಿಗದು.

ಕೊನೆಗೆ ವಾಲ್ಯೂಮ್ ಸೊನ್ನೆಗೆ ತಂದು, 1 ಮತ್ತು 7ನೇ ಕಾಲಿನಲ್ಲಿ ನಡು-ಗ್ರೌಂಡಿಗೆ ಹೋಲಿಸಿ ಡಿಸಿ ನೋಡಿ. ಕೆಲವೇ ಮಿಲಿವೋಲ್ಟ್ ಬಂದರೆ ಚೆನ್ನ, 20ರವರೆಗೆ ಪರವಾಗಿಲ್ಲ. 50 ದಾಟಿದರೆ ಹೆಡ್‌ಫೋನ್ ಹಾಕಬೇಡಿ. ಎಲ್ಲ ಸರಿಯಿದ್ದರೂ ಮೊದಲ ಸಲ ಹಳೆಯ ಇಯರ್‌ಫೋನಿನಲ್ಲೇ ಕೇಳಿ.

ಪ್ರಶ್ನೆ: ಒಪಿಎ2134 ಸಿಗಲಿಲ್ಲವೆಂದು ಎನ್‌ಇ5532 ಹಾಕಿದೆ. ಔಟ್‌ಪುಟ್‌ನಲ್ಲಿ −200 ಮಿಲಿವೋಲ್ಟ್ ಡಿಸಿ ಬರುತ್ತಿದೆ. ಐಸಿ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಒಪಿಎ2134ರ ಇನ್‌ಪುಟ್‌ನಲ್ಲಿ ಫೆಟ್ ಬಗೆಯ ಟ್ರಾನ್ಸಿಸ್ಟರ್‌ಗಳಿವೆ, ಅವು ಕರೆಂಟ್ ಎಳೆಯುವುದಿಲ್ಲ ಎಂದೇ ಹೇಳಬಹುದು. ಎನ್‌ಇ5532ರಲ್ಲಿರುವುದು ಸಾಮಾನ್ಯ ಟ್ರಾನ್ಸಿಸ್ಟರ್‌ಗಳು. ಪ್ರತಿ ಇನ್‌ಪುಟ್ ಸುಮಾರು 200 ನ್ಯಾನೋಆಂಪಿಯರ್ ಎಳೆಯುತ್ತದೆ. ಅದು ನಿಮ್ಮ 100 ಕಿಲೋ ಓಮ್ ಮೂಲಕ ಬರುವಾಗ 20 ಮಿಲಿವೋಲ್ಟ್ ಆಗುತ್ತದೆ, 11 ಪಟ್ಟು ಹಿಗ್ಗಿ 220 ಆಗುತ್ತದೆ. ನಿಮ್ಮ ಅಳತೆ ಲೆಕ್ಕಕ್ಕೆ ಹತ್ತಿರವೇ ಇದೆ.

ಎನ್‌ಇ5532 ಒಳ್ಳೆಯ ಐಸಿಯೇ, ಸುತ್ತಲಿನ ಬಿಡಿಭಾಗ ಅದಕ್ಕೆ ಒಪ್ಪಬೇಕು ಅಷ್ಟೆ. 100 ಕಿಲೋ ತೆಗೆದು 10 ಕಿಲೋ ಓಮ್ ಹಾಕಿ, ಇನ್‌ಪುಟ್ ಕೆಪಾಸಿಟರನ್ನು 1 ಮೈಕ್ರೋಫ್ಯಾರಡ್‌ಗೆ ಏರಿಸಿ. ಬಾಸ್ ಇಳಿಯಲು ಶುರುವಾಗುವ ಜಾಗ ಮೊದಲಿನಂತೆ 16 ಹರ್ಟ್ಸ್‌ನಲ್ಲೇ ಉಳಿಯುತ್ತದೆ. ಗೇನನ್ನೂ 3ಕ್ಕೆ ಇಳಿಸಿದರೆ ಡಿಸಿ 6 ಮಿಲಿವೋಲ್ಟ್ ಆಸುಪಾಸಿಗೆ ಬರುತ್ತದೆ. ವಾಲ್ಯೂಮ್ ಪಾಟ್ (ತಿರುಗಿಸುವ ರೆಸಿಸ್ಟರ್) ಹೆಚ್ಚು ಓಮ್‌ನದಾದರೆ ಧ್ವನಿ ಏರುವ ಹದ ಬದಲಾಗುತ್ತದೆ, ಆದ್ದರಿಂದ 10 ಕಿಲೋ ಓಮ್‌ನದನ್ನೇ ಬಳಸಿ.

ಪ್ರಶ್ನೆ: ವಾಲ್ಯೂಮ್ ಕೊಂಚ ತಿರುಗಿಸಿದರೂ ಕಿವಿಗಡಚಿಕ್ಕುತ್ತದೆ. ಅಷ್ಟರಲ್ಲೂ ಎಡಗಡೆ ಜೋರು, ಬಲಗಡೆ ಸಣ್ಣ. ಜೊತೆಗೆ ‘ಸ್ಸ್’ ಎಂಬ ಸದ್ದು.

ಉತ್ತರ: ಮೂರಕ್ಕೂ ಬೇರು ಒಂದೇ, ಗೇನ್ ಮಿತಿಮೀರಿದೆ. 100 ಡೆಸಿಬೆಲ್/ಮಿಲಿವ್ಯಾಟ್ ಸೂಕ್ಷ್ಮತೆಯ 32 ಓಮ್ ಹೆಡ್‌ಫೋನಿಗೆ 0.57 ವೋಲ್ಟ್ ಕೊಟ್ಟರೆ 110 ಡೆಸಿಬೆಲ್ ಸದ್ದು ಬರುತ್ತದೆ. ಅದು ಸಂಗೀತ ಕೇಳುವ ಮಟ್ಟವೇ ಅಲ್ಲ. ನಿಮ್ಮ ಪ್ಲೇಯರ್ 1 ವೋಲ್ಟ್ ಕೊಡುವುದಾದರೆ ಅದನ್ನು 11 ಪಟ್ಟು ಮಾಡಿ ಪ್ರಯೋಜನವೇನು? 10 ಕಿಲೋ ಓಮ್ ಜಾಗದಲ್ಲಿ ಎರಡೂ ಚಾನೆಲ್‌ಗೆ 2 ಕಿಲೋ ಓಮ್ ಹಾಕಿ. ಐಸಿಯ ಸದ್ದೂ ಅಷ್ಟೇ ಕಡಿಮೆ ಹಿಗ್ಗುತ್ತದೆ. ಜೋಡಿ ಪಾಟ್‌ಗಳ ಎರಡು ಪಟ್ಟಿಗಳು ಆರಂಭದ ತಿರುವಿನಲ್ಲೇ ಹೆಚ್ಚು ಹೊಂದಿಕೆ ತಪ್ಪುವುದು. ಗೇನ್ ಇಳಿಸಿದರೆ ನೀವು ನಡುಭಾಗದಲ್ಲಿ ಕೇಳತೊಡಗುತ್ತೀರಿ, ಅಲ್ಲಿ ಎಡ–ಬಲ ಸಮವಾಗಿರುತ್ತದೆ. ಪಾಟ್ ಲಾಗ್ ಬಗೆಯದೇ (ಕಿವಿಗೆ ಸಮನಾಗಿ ಏರಿದಂತೆ ಕೇಳಿಸುವಂಥದ್ದೇ) ಎಂದೂ ನೋಡಿಕೊಳ್ಳಿ.

300 ಓಮ್ ಹೆಡ್‌ಫೋನ್ ಇರುವವರ ಕಥೆ ಬೇರೆ. ಅದೇ ಸೂಕ್ಷ್ಮತೆಗೆ, ಅದೇ ಮಟ್ಟಕ್ಕೆ 1.73 ವೋಲ್ಟ್ ಬೇಕು, ಅಲೆಯ ತುದಿಯವರೆಗೆ ಎಣಿಸಿದರೆ 2.45. ಬ್ಯಾಟರಿ 7 ವೋಲ್ಟ್‌ಗೆ ಇಳಿದಾಗ ಐಸಿಗೆ ಅಷ್ಟು ತೂಗಲು ಜಾಗವಿರುವುದಿಲ್ಲ, ಜೋರು ಭಾಗಗಳಲ್ಲಿ ಧ್ವನಿ ಒಡೆಯುತ್ತದೆ. ಎರಡು 9 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಹಾಕಿ, ಅವು ಕೂಡುವ ಜಾಗವನ್ನೇ ಗ್ರೌಂಡ್ ಮಾಡಿ. ಆಗ 4.7 ಕಿಲೋ ಜೋಡಿಯೇ ಬೇಡ. ಸ್ವಿಚ್ ಮಾತ್ರ ಎರಡೂ ಬ್ಯಾಟರಿಗಳನ್ನು ಒಟ್ಟಿಗೆ ಕಡಿಯುವಂಥದ್ದಾಗಿರಲಿ.

ಪ್ರಶ್ನೆ: ಲೋಹದ ಡಬ್ಬಿಗೆ ಹಾಕಿ ಅಡಾಪ್ಟರ್ ಜೋಡಿಸಿದ ಕೂಡಲೇ ಧ್ವನಿ ಇಲ್ಲ. ಹೊರಗಿದ್ದಾಗ ಸರಿಯಿತ್ತು.

ಉತ್ತರ: ಹೆಡ್‌ಫೋನ್ ಜ್ಯಾಕಿನ ಹೊರಕವಚ ನಡು-ಗ್ರೌಂಡ್, ಅಡಾಪ್ಟರ್ ಸಾಕೆಟ್‌ನ ಹೊರಕವಚ ಮೈನಸ್. ಎರಡೂ ಡಬ್ಬಿಯನ್ನು ಮುಟ್ಟಿದವೆಂದರೆ ನಡು-ಗ್ರೌಂಡ್ ಮತ್ತು ಮೈನಸ್ ಒಂದಾಗಿ, ಪೂರ್ತಿ 9 ವೋಲ್ಟ್ ಒಂದೇ ಕಡೆಗೆ ಬಿದ್ದಿದೆ. ಅಡಾಪ್ಟರ್ ಸಾಕೆಟ್ ಪ್ಲಾಸ್ಟಿಕ್‌ನದು ಹಾಕಿ. ಇದೇ ಕಾರಣಕ್ಕೆ, ಕಂಪ್ಯೂಟರಿನ ಯುಎಸ್‌ಬಿಯಿಂದಲೇ ಪವರ್ ತೆಗೆದು ಅದೇ ಕಂಪ್ಯೂಟರಿನಿಂದ ಹಾಡನ್ನೂ ಕೊಡಬೇಡಿ: ಅಲ್ಲಿ ಎರಡರ ಗ್ರೌಂಡ್ ಒಳಗೇ ಕೂಡಿರುತ್ತದೆ.

ಪಾಟ್‌ನ ಲೋಹದ ಮೈಯನ್ನು ಬೆರಳಿಂದ ಮುಟ್ಟಿದಾಗ ಗುಂಯ್‌ ಸದ್ದು ಬದಲಾದರೆ ಅದಕ್ಕೂ ನಡು-ಗ್ರೌಂಡಿನಿಂದ ಒಂದು ತಂತಿ ಎಳೆಯಿರಿ. ಮೊಬೈಲ್ ಹತ್ತಿರ ಬಂದಾಗ ‘ಟರ್‌ರ್’ ಎಂದರೆ ಇನ್‌ಪುಟ್‌ನಲ್ಲಿ 1 ಕಿಲೋ ಓಮ್ ಸರಣಿಯಲ್ಲಿ, ಅದರ ಮುಂದೆ ಗ್ರೌಂಡಿಗೆ 220 ಪಿಕೋಫ್ಯಾರಡ್.

ಪ್ರಶ್ನೆ: ಔಟ್‌ಪುಟ್‌ನಲ್ಲಿ 47 ಓಮ್ ರೆಸಿಸ್ಟರ್ ಹಾಕಿದ್ದೇನೆ. ಬಾಸ್ ಉಬ್ಬಿದಂತೆ ಕೇಳುತ್ತದೆ. ಆಸಿಲೋಸ್ಕೋಪ್ ಇಲ್ಲದೆ ಪರೀಕ್ಷಿಸುವುದು ಹೇಗೆ?

ಉತ್ತರ: ಫೋನಿನಲ್ಲಿ 200 ಹರ್ಟ್ಸ್ ಸೈನ್ ಧ್ವನಿ ನುಡಿಸಿ. ಅಗ್ಗದ ಮೀಟರುಗಳು 1000 ಹರ್ಟ್ಸ್‌ನಲ್ಲಿ ತಪ್ಪು ತೋರಿಸಬಹುದು, ಆದ್ದರಿಂದ 200. ಮೀಟರಿಗೆ 2 ವೋಲ್ಟ್ ಎಸಿ ರೇಂಜ್ ಇರಲಿ. 200 ವೋಲ್ಟ್‌ನಿಂದ ಶುರುವಾಗುವ ಮೀಟರ್ ಇಲ್ಲಿ ಕೆಲಸಕ್ಕೆ ಬಾರದು. ಹೆಡ್‌ಫೋನ್ ಇಲ್ಲದೆ ಔಟ್‌ಪುಟ್ 500 ಮಿಲಿವೋಲ್ಟ್‌ಗೆ ಹೊಂದಿಸಿ, ನಂತರ ಜ್ಯಾಕಿಗೆ 33 ಓಮ್ ರೆಸಿಸ್ಟರ್ ಹಚ್ಚಿ. ಓದು 485ಕ್ಕೆ ಇಳಿದರೆ ಔಟ್‌ಪುಟ್ ಇಂಪಿಡೆನ್ಸ್ (ಆಂಪ್ಲಿಫೈಯರಿನ ಔಟ್‌ಪುಟ್ ಕಡೆಯ ತಡೆ) 33 × (500/485 − 1), ಅಂದರೆ ಸುಮಾರು 1 ಓಮ್. ನಿಮ್ಮದು 206 ಆಸುಪಾಸಿಗೆ ಕುಸಿಯುತ್ತದೆ.

ಬಾಸ್ ಉಬ್ಬಲು ಕಾರಣವೂ ಅದೇ. 32 ಓಮ್ ಎಂದು ಬರೆದಿರುವ ಹೆಡ್‌ಫೋನ್ ಎಲ್ಲ ಸ್ವರಕ್ಕೂ 32 ಓಮ್ ಆಗಿರುವುದಿಲ್ಲ. ಬಾಸ್‌ನ ಅನುರಣನದಲ್ಲಿ 60 ಓಮ್‌ಗೆ ಏರಿತೆನ್ನಿ: 47 ಓಮ್ ಹಿಂದೆ ಇದ್ದಾಗ ಅಲ್ಲಿ ಸುಮಾರು 3 ಡೆಸಿಬೆಲ್ ಹೆಚ್ಚು ಬೀಳುತ್ತದೆ. ಔಟ್‌ಪುಟ್ ಇಂಪಿಡೆನ್ಸ್ ಹೆಡ್‌ಫೋನಿನ ಎಂಟನೇ ಒಂದು ಭಾಗ ಮೀರದಿರಲಿ. ಹಾಗಾಗಿ 47 ತೆಗೆದು 3.3 ಓಮ್ ಹಾಕಿ, ಹೆಡ್‌ಫೋನನ್ನು ಅದರ ಉದ್ದದ ತಂತಿಯೊಡನೆ ಜ್ಯಾಕಿಗೆ ಸಿಕ್ಕಿಸಿ ಮತ್ತೊಮ್ಮೆ ಬ್ಯಾಟರಿಯ ಕರೆಂಟ್ ಅಳೆಯಿರಿ. ಹಾಡು ನಿಲ್ಲಿಸಿದಾಗ ಅದು ಮೊದಲಿನ 10 ಮಿಲಿಆಂಪಿಯರ್‌ನಲ್ಲೇ ನಿಂತಿದ್ದರೆ ತಂತಿಯಿಂದಾಗಿ ಆಸಿಲೇಷನ್ ಹುಟ್ಟಿಲ್ಲ. ಏರಿದ್ದರೆ, ಎಂಟನೇ ಒಂದರ ಮಿತಿ ಮೀರಿದರೂ, 3.3ರ ಬದಲು 10 ಓಮ್ ಹಾಕಿ ನೋಡಿ.