ಬರೀ ಕಮಿಷನ್ ತಗೊಳ್ಳೋ ಏಜೆಂಟ್‌ಗೆ ಹಾಲಿವುಡ್‌ನಲ್ಲಿ ಅಷ್ಟು ಪವರ್ ಹೇಗೆ ಬಂತು?

ಏಜೆಂಟ್ ಅಂದ್ರೆ ನಟರ ದುಡಿಮೆಯಲ್ಲಿ ನೂರಕ್ಕೆ ಹತ್ತು ಎಣಿಸಿಕೊಳ್ಳುವವನು ಅಷ್ಟೇ ಅಲ್ವಾ ಅಂತ ಕೇಳಿದ್ದೀರಿ. ಕಮಿಷನ್ ನಿಜ. ಆದರೆ ಲ್ಯೂ ವಾಸರ್‌ಮನ್ ಅನ್ನೋ ಹಾಲಿವುಡ್ ಏಜೆಂಟ್‌ನ ಕಥೆ ಕೇಳಿದ ಮೇಲೆ ಆ ‘ಅಷ್ಟೇ’ಯನ್ನು ನೀವೇ ವಾಪಸ್ ತಗೋತೀರಿ. ನಾನು ಲೆಕ್ಕಪತ್ರ ನೋಡುವವನು. ಸಿನಿಮಾ ಹುಚ್ಚು ಕಡಿಮೆ, ಈತನ ಲೆಕ್ಕದ ಹುಚ್ಚು ಮಾತ್ರ ನನಗೂ ಅಂಟಿದೆ.

ಹುಟ್ಟಿದ್ದು 1913ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ. ಹುಡುಗನಾಗಿದ್ದಾಗ ಥಿಯೇಟರ್‌ನಲ್ಲಿ ಜನರಿಗೆ ಸೀಟು ತೋರಿಸುವ ಕೆಲಸ. ಕಾಲೇಜಿಗೆ ಹೋಗಲಿಲ್ಲ. 1936ರಲ್ಲಿ ಎಂಸಿಎ ಕಂಪನಿ ಸೇರಿದ. ಜೂಲ್ಸ್ ಸ್ಟೈನ್ ಅನ್ನೋ ಕಣ್ಣಿನ ಡಾಕ್ಟರ್, ವಾದ್ಯಗೋಷ್ಠಿಗಳಿಗೆ ಬುಕಿಂಗ್ ಹಿಡಿಯಲು ಶುರು ಮಾಡಿದ್ದ ಕಂಪನಿ ಅದು. ಹತ್ತೇ ವರ್ಷಕ್ಕೆ ವಾಸರ್‌ಮನ್ ಅದರ ಅಧ್ಯಕ್ಷ.

ಈಗ ಅಸಲಿ ವಿಷಯ. 1950ರ ಹೊತ್ತಿಗೆ ನಟ ಜೇಮ್ಸ್ ಸ್ಟೀವರ್ಟ್ ರೇಟು ಸಿನಿಮಾಕ್ಕೆ 2 ಲಕ್ಷ ಡಾಲರ್. ಯೂನಿವರ್ಸಲ್ ಸ್ಟುಡಿಯೋ ಕೈಯಲ್ಲಿ ಅಷ್ಟು ಕಾಸಿಲ್ಲ. ಬೇರೆ ಏಜೆಂಟ್ ಆಗಿದ್ದರೆ ಚೌಕಾಸಿಗೆ ಕೂರುತ್ತಿದ್ದ. ಈತ ಸಂಬಳವೇ ಬೇಡ, ಲಾಭದಲ್ಲಿ ಪಾಲು ಕೊಡಿ ಅಂದ. ‘ವಿಂಚೆಸ್ಟರ್ ’73’ ಅನ್ನೋ ಆ ಸಿನಿಮಾ ಓಡಿತು. ಸ್ಟೀವರ್ಟ್‌ಗೆ ಸುಮಾರು 6 ಲಕ್ಷ ಬಂತು ಅಂತಾರೆ. ಇದರಲ್ಲಿ ಇನ್ನೊಂದು ಮಜಾ ಇದೆ. ಆಗ ಅಮೆರಿಕದಲ್ಲಿ ಭಾರೀ ಆದಾಯದ ಮೇಲಿನ ಹಂತಕ್ಕೆ ನೂರಕ್ಕೆ 80ಕ್ಕಿಂತ ಜಾಸ್ತಿ ತೆರಿಗೆ. ಸಂಬಳ ಒಂದೇ ವರ್ಷದಲ್ಲಿ ಬಂದರೆ ಬಹುಪಾಲು ಸರ್ಕಾರಕ್ಕೆ. ಲಾಭದ ಪಾಲು ವರ್ಷಗಟ್ಟಲೆ ಹಂಚಿಕೊಂಡು ಬರುತ್ತದೆ, ತೆರಿಗೆ ಇಳಿಯುತ್ತದೆ. ನಮ್ಮ ಕಡೆ ಕೆಲವು ಸ್ಟಾರ್‌ಗಳು ಸಂಭಾವನೆ ಬದಲು ಒಂದು ಏರಿಯಾದ ಹಕ್ಕು ಬರೆಸಿಕೊಳ್ಳುತ್ತಾರಲ್ಲ, ಹೆಚ್ಚುಕಡಿಮೆ ಅದೇ ಜಾತಿಯ ಬುದ್ಧಿ. ಕೂಲಿಗೆ ಬಂದ ನಟ ಪಾಲುದಾರನಾದ. ಸ್ಟುಡಿಯೋಗಳ ಹಿಡಿತ ಅಲ್ಲಿಂದಲೇ ಸಡಿಲವಾಯಿತು ಅನ್ನೋದು ನನ್ನ ಅಭಿಪ್ರಾಯ.

ಆಮೇಲೆ ಟಿವಿ ಬಂತು. ಏಜೆಂಟ್ ಆದವನು ತಾನೇ ಕಾರ್ಯಕ್ರಮ ನಿರ್ಮಿಸುವ ಹಾಗಿಲ್ಲ ಅಂತ ನಟರ ಸಂಘದ ನಿಯಮ. ಸರಿಯಾದದ್ದೇ. ನಟನಿಗೆ ಜಾಸ್ತಿ ಸಂಬಳ ಕೇಳಬೇಕಾದವನೇ ಸಂಬಳ ಕೊಡುವವನಾದರೆ? ಮದುವೆ ಮಾತುಕತೆಯಲ್ಲಿ ಹೆಣ್ಣಿನ ಕಡೆಯವನೂ ಅವನೇ, ಗಂಡಿನ ಕಡೆಯವನೂ ಅವನೇ ಅನ್ನೋ ಹಾಗೆ. ಆದರೂ 1952ರಲ್ಲಿ ಸಂಘ ಎಂಸಿಎಗೆ ವಿನಾಯಿತಿ ಕೊಟ್ಟಿತು. ಆಗ ಸಂಘದ ಅಧ್ಯಕ್ಷ ಯಾರು ಗೊತ್ತಾ? ಮುಂದೆ ಅಮೆರಿಕದ ಅಧ್ಯಕ್ಷನಾದ ನಟ ರೊನಾಲ್ಡ್ ರೇಗನ್. ಆತನ ಏಜೆಂಟ್ ಯಾರು? ಅದೇ ಎಂಸಿಎ. ಎರಡು ವರ್ಷ ಬಿಟ್ಟು ಎಂಸಿಎಯದೇ ಟಿವಿ ಕಾರ್ಯಕ್ರಮಕ್ಕೆ ರೇಗನ್ ನಿರೂಪಕ. 1962ರಲ್ಲಿ ಗ್ರ್ಯಾಂಡ್ ಜ್ಯೂರಿ (ಕೇಸು ಹಾಕಬೇಕೇ ಅಂತ ವಿಚಾರಿಸುವ ನಾಗರಿಕರ ತಂಡ) ಮುಂದೆ ಇದನ್ನೆಲ್ಲ ಕೇಳಿದಾಗ ರೇಗನ್‌ಗೆ ಬಹಳಷ್ಟು ಮರೆತೇ ಹೋಗಿತ್ತು!

ಅದೇ ವರ್ಷ ಎಂಸಿಎ ಯೂನಿವರ್ಸಲ್‌ನ ಮಾತೃ ಕಂಪನಿಯನ್ನೇ ಕೊಳ್ಳಲು ಹೊರಟಿತು. ಸ್ಟುಡಿಯೋ ಬೇಕೋ ಏಜೆನ್ಸಿ ಬೇಕೋ, ಒಂದನ್ನು ಆರಿಸಿ ಅಂತ ಕೇಂದ್ರ ನ್ಯಾಯ ಇಲಾಖೆ ಪಟ್ಟು ಹಿಡಿಯಿತು. ವಾಸರ್‌ಮನ್ ಸ್ಟುಡಿಯೋ ಇಟ್ಟುಕೊಂಡು ಏಜೆನ್ಸಿಗೆ ಬೀಗ ಹಾಕಿದ. ತನ್ನನ್ನು ಬೆಳೆಸಿದ ಕಸುಬನ್ನೇ ಬಿಟ್ಟ, ಅಷ್ಟೇನೂ ಹಿಂದೆಮುಂದೆ ನೋಡದೆ.

ನೋಡಲು ಹೇಗಿದ್ದ? ಎತ್ತರದ, ಸಣಕಲು ಆಳು. ಕಪ್ಪು ಸೂಟು, ಬಿಳಿ ಶರ್ಟು, ಅಗಲ ಫ್ರೇಮಿನ ಕನ್ನಡಕ. ಮೇಜಿನ ಮೇಲೆ ಒಂದು ಕಾಗದ ಇರುತ್ತಿರಲಿಲ್ಲ. ಲೆಕ್ಕ ಎಲ್ಲ ತಲೆಯಲ್ಲೇ. ಆತ್ಮಕಥೆಯನ್ನೂ ಬರೆಯಲಿಲ್ಲ, ನಮ್ಮಂಥವರಿಗೆ ಅದೇ ನಷ್ಟ.

1990ರಲ್ಲಿ ಜಪಾನಿನ ಮತ್ಸುಶಿತಾ ಎಂಸಿಎಯನ್ನು ಕೊಂಡುಕೊಂಡಿತು. ಯಾವ ಮತ್ಸುಶಿತಾ ಅಂತೀರಾ? ನಮ್ಮ ಮನೆಗಳಲ್ಲಿ ನ್ಯಾಷನಲ್ ಟೇಪ್ ರೆಕಾರ್ಡರ್ ಇರುತ್ತಿತ್ತಲ್ಲ, ಅದನ್ನು ಮಾಡುತ್ತಿದ್ದವರೇ. ಮಾರಿದ ಮೇಲೂ ಕುರ್ಚಿ ಈತನದೇ ಇತ್ತು, ಮಾತು ಮಾತ್ರ ನಡೆಯುತ್ತಿರಲಿಲ್ಲ. 1995ರಲ್ಲಿ ಅವರು ಕಂಪನಿಯ ದೊಡ್ಡ ಪಾಲನ್ನು ಕೆನಡಾದ ಮದ್ಯದ ಕಂಪನಿ ಸೀಗ್ರಾಮ್‌ಗೆ ಮಾರಿದರು. ಆ ಮಾತುಕತೆಗೆ ವಾಸರ್‌ಮನ್‌ನನ್ನು ಕರೆಯಲೇ ಇಲ್ಲ.