ಡೇವ್ ಆರ್ನೆಸನ್ ಪಾಲು ಎಷ್ಟು?

ಪ್ರಶ್ನೆ: ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಲ್ಪನೆಯ ಲೋಕದಲ್ಲಿ ಸಾಹಸ ಮಾಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ಅಂದಕೂಡಲೇ ಎಲ್ಲರೂ ಗ್ಯಾರಿ ಗೈಗ್ಯಾಕ್ಸ್ ಹೆಸರು ಹೇಳುತ್ತಾರೆ. ಡೇವ್ ಆರ್ನೆಸನ್ ಮಾಡಿದ್ದಾದರೂ ಏನು?

ಉತ್ತರ: ತುಂಬಾ ಮಾಡಿದ್ದಾರೆ. ಆರ್ನೆಸನ್ ಅಮೆರಿಕದ ಮಿನೆಸೋಟದವರು. ಅವರ ಬಳಗ ಮೇಜಿನ ಮೇಲೆ ಪುಟ್ಟ ಸೈನಿಕರ ಗೊಂಬೆಗಳನ್ನಿಟ್ಟು ಯುದ್ಧದ ಆಟ ಆಡುತ್ತಿತ್ತು. ಅಂಥ ಆಟದಲ್ಲಿ ಒಬ್ಬರ ಕೈಯಲ್ಲಿ ಇಡೀ ಸೇನೆ. ಅದೇ ಬಳಗದ ಡೇವಿಡ್ ವೆಸ್ಲಿ ಒಬ್ಬೊಬ್ಬರಿಗೂ ಒಂದೊಂದು ಪಾತ್ರ ಕೊಟ್ಟು ಆಡಿಸಿ ನೋಡಿದರು. ಆರ್ನೆಸನ್ ಅದನ್ನು ಹಿಡಿದು ಬಹಳ ದೂರ ಹೋದರು. 1970ರ ದಶಕದ ಆರಂಭದಲ್ಲಿ ಬ್ಲ್ಯಾಕ್‌ಮೂರ್ ಎಂಬ ಕಲ್ಪನೆಯ ನಾಡು ಕಟ್ಟಿದರು. ಅಲ್ಲೊಂದು ಕೋಟೆ, ಕೋಟೆಯ ಅಡಿಯಲ್ಲಿ ಕತ್ತಲೆಯ ಸುರಂಗಗಳು. ಆಟಗಾರರು ಒಳಗೆ ಇಳಿಯಬೇಕು.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಇನ್ನೊಂದು. ಆ ಆಟ ಒಂದೇ ಸಂಜೆಗೆ ಮುಗಿಯುತ್ತಿರಲಿಲ್ಲ. ಬದುಕುಳಿದ ಪಾತ್ರ ಮುಂದಿನ ಸಲ ಮತ್ತೆ ಬರುತ್ತಿತ್ತು, ಅನುಭವ ಗಳಿಸಿ ಬಲವಾಗುತ್ತಿತ್ತು. ಇಂದಿನ ಎಷ್ಟೋ ವಿಡಿಯೋ ಗೇಮ್‌ಗಳಲ್ಲಿ ‘ಲೆವೆಲ್’ ಏರುತ್ತೀರಲ್ವಾ, ಅದರ ಬೇರು ಇಲ್ಲಿದೆ.

ಗೈಗ್ಯಾಕ್ಸ್ ಕೆಲಸವೂ ಸಣ್ಣದಲ್ಲ. ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಲ್ಲಿ ಆರ್ನೆಸನ್ ಈ ಆಟ ಆಡಿಸಿ ತೋರಿಸಿದ ಮೇಲೆ, ಚದುರಿದ್ದ ಟಿಪ್ಪಣಿಗಳನ್ನು ನಿಯಮಗಳಾಗಿ ಬರೆದವರು ಅವರು. 1974ರಲ್ಲಿ ಅದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಹೆಸರಲ್ಲಿ ಮೊದಲ 1000 ಪ್ರತಿಗಳಾಗಿ ಹೊರಬಂದಾಗ ಇಬ್ಬರ ಹೆಸರೂ ಇದ್ದವು. ಆಮೇಲೆ ಹಕ್ಕು, ಗೌರವಧನದ ಬಗ್ಗೆ ಜಗಳವಾಗಿ ಕೋರ್ಟ್ ಮೆಟ್ಟಿಲೇರಿದರು. ಗೈಗ್ಯಾಕ್ಸ್ 2008ರಲ್ಲಿ ತೀರಿಕೊಂಡರು, ಆರ್ನೆಸನ್ 2009ರಲ್ಲಿ. ಆರ್ನೆಸನ್ ಕೊನೆಯ ವರ್ಷಗಳಲ್ಲಿ ಫ್ಲೋರಿಡಾದ ಫುಲ್ ಸೇಲ್ ವಿಶ್ವವಿದ್ಯಾಲಯದಲ್ಲಿ ಆಟದ ನಿಯಮ ಕಟ್ಟುವುದನ್ನು ಕಲಿಸುತ್ತಿದ್ದರು.